ಹರಿವನ್ನು ತಡೆದ ಸೀ ಮೊಂಜಿ

ನಡೆಯುವಾಗ ಅವರು ಯಾರಿಗಾಗಿಯೂ ನಿಂತವರಲ್ಲ. ಮಾತು ಬೇಕಿದ್ದವರು ಜೊತೆಗೆ ಹೆಜ್ಜೆ ಹಾಕಬೇಕಿತ್ತು. ರಾಜಧಾನಿ ತೂನಿಸಿನ ನಮ್ಮ ಸರ್ಕಾರಿ ಇಂಟರ್ನೆಟ್ ಜಾಲಕೇಂದ್ರದ ಉದ್ದನೆಯ ಪಡಸಾಲೆಯಲ್ಲಿ, ಸುಡುಬೇಸಿಗೆಯಲ್ಲೂ ಬಿಚ್ಚದ ಕಂದು ಉಣ್ಣೆಯ ಕೋಟು ಹಾರಿಸುತ್ತ, ಬಲಭುಜವನ್ನು ಕೊಂಚ ಮುಂದೆ ಮಾಡಿಕೊಂಡು, ನಾವೆಲ್ಲ ಗೌರವದಿಂದ ಸೀ ಮೊಂಜಿ ಎನ್ನುತ್ತಿದ್ದ ಆ ಎಂಜಿನಿಯರ್ ಸಾಗುತ್ತಿದ್ದ ಭಂಗಿ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಒಳಗಿನ ಹೆಣಿಗೆಯನ್ನೇ ಬಿಚ್ಚಿ ಬೇಕಾದಂತೆ ಮತ್ತೆ ಹೆಣೆಯಬಹುದಾದ ಒಂದು ಚಿಪ್ ಎಂದರೆ ಅವರಿಗೆ ಪ್ರಾಣ. ಕಂಪ್ಯೂಟರು ಮಾಹಿತಿಯನ್ನು ಹಿಡಿದು ನಿಲ್ಲಿಸಿ ಓದಿದರೆ, ಅವರ ಚಿಪ್ ಪ್ರವಾಹ ಹರಿಯುತ್ತಿರುವಾಗಲೇ ತುಣುಕು ತುಣುಕನ್ನೂ ಪರೀಕ್ಷಿಸಿ ಕಳ್ಳನನ್ನು ಹೊರಗಟ್ಟುತ್ತಿತ್ತು. "ತಡೆದು ನೋಡೋದು ಪೊಲೀಸ್ ಕೆಲಸ ಮಾರಾಯ, ಹರೀತಿರೋವಾಗ್ಲೇ ನೋಡೋದು ನಮ್ಮದು" ಎಂದು ನನ್ನನ್ನು ಛೇಡಿಸುತ್ತಿದ್ದರು.

ಆ ವರ್ಷ ಶಾಲೆ ಮುಗಿಸುವ ಮಕ್ಕಳ ಬಕಲೋರಿಯಾ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ಜಾಲತಾಣಕ್ಕೆ ಅವರ ಚಿಪ್ಪಿನದೇ ಕಾವಲು. ಒಂದೇ ವಿಳಾಸದಿಂದ ಮೇಲಿಂದ ಮೇಲೆ ಬರುವ ಕೋರಿಕೆಯನ್ನು ದಾಳಿಯೆಂದು ತಳ್ಳಿಹಾಕುವಂತೆ ಹೆಣೆದಿದ್ದರು. ಬೆಳಿಗ್ಗೆ ಎಲ್ಲ ಸುಸೂತ್ರ. ನಿರ್ದೇಶಕ ಲಝರ್ ಖರ್ಜೂರದ ಸಿಹಿತಿಂಡಿ ಮಕ್ರೂದ್ ಹಂಚಿದರು. ಅಷ್ಟರಲ್ಲಿ ದಕ್ಷಿಣದ ಗಣಿಯೂರು ರದಯಿಫಿನಿಂದ ಸೀ ಮೊಂಜಿಯವರ ಅಕ್ಕ ಮಬ್ರೂಕಾಳ ಫೋನು.

"ಏನೋ ಮೊಂಜಿ, ದೇಶಕ್ಕೆಲ್ಲ ರಿಸಲ್ಟ್ ಬಂತಂತೆ, ನಮ್ಮೂರು ಏನು ಪಾಪ ಮಾಡಿತ್ತೋ? ಮಕ್ಕಳೆಲ್ಲ ಪಬ್ಲಿನೆಟ್ ಅಂಗಡೀಲಿ ಕೂತು ಅಳ್ತಿದಾವೆ. ನನ್ನ ಮಗಳು ನೀರೂ ಮುಟ್ಟಿಲ್ಲ."

ಸೀ ಮೊಂಜಿ ಹಣೆ ಚಚ್ಚಿಕೊಂಡರು. ಮನೆಗಳಲ್ಲಿ ಸಂಪರ್ಕವಿಲ್ಲದ ಊರಿಗೆ ಒಂದೇ ಇಂಟರ್ನೆಟ್ ಅಂಗಡಿ, ಅದಕ್ಕೊಂದೇ ವಿಳಾಸ, ಒಳಗೆ ಊರಿನ ಮಕ್ಕಳೆಲ್ಲ! ಚಿಪ್ಪಿನ ಕಣ್ಣಿಗೆ ಅವರೇ ದಾಳಿಕೋರರು. ಮತ್ತೆ ಹೆಣೆಯಬೇಕೆಂದರೆ ಇಡೀ ಪ್ರವಾಹವನ್ನೇ ಕೆಲಹೊತ್ತು ನಿಲ್ಲಿಸಬೇಕು.

"ಹುಚ್ಚು ಹಿಡೀತಾ ಸೀ ಮೊಂಜಿ? ಒಂದೂರಿಗೋಸ್ಕರ ದೇಶಾನೇ ನಿಲ್ಲಿಸ್ತೀರಾ? ನಾಳೆ ಈ ಕುರ್ಚಿ ನಿಮ್ಮದಾಗಿರಲ್ಲ, ನೋಡಿ" ಎಂದರು ಲಝರ್.

"ಹೋಗ್ಲಿ ಬಿಡಿ. ತಪ್ಪು ನಂದು."

ಎಲ್ಲರೆದುರೇ ಹರಿವನ್ನು ಕಡಿದರು. ದೇಶದ ಪರದೆಗಳೆಲ್ಲ ಬಿಳಿಚಿಕೊಂಡವು, ಫೋನುಗಳು ಬೊಬ್ಬಿರಿದವು. ಅವರು ಬಗ್ಗಿದ ತಲೆ ಎತ್ತದೆ ಹೆಣೆದು ಮುಗಿಸಿದರು. ಪ್ರವಾಹ ಮರಳಿದ ಸ್ವಲ್ಪ ಹೊತ್ತಿಗೆ ಅಕ್ಕ ಮತ್ತೆ ಕರೆದಳು.

"ಫೇಲಾದ್ಳು ಕಣೋ. ಇರ್ಲಿ, ಗೊತ್ತಾಯ್ತಲ್ಲ. ಇನ್ನು ಅತ್ತು ಊಟ ಮಾಡ್ತಾಳೆ" ಎಂದಳು.

ಕೆಲವೇ ದಿನಗಳಲ್ಲಿ ಅವರನ್ನು ಹಳೆಯ ಯಂತ್ರಗಳ ಉಗ್ರಾಣಕ್ಕೆ ವರ್ಗಾಯಿಸಿದರು. ತಮ್ಮ ಕೈಯ ಸೃಷ್ಟಿಯನ್ನು ಪ್ರೀತಿಸುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಅದು ಎಡವಿದಾಗ ತುಂಬಿದ ಸಭೆಯಲ್ಲಿ ತಾವೇ ಅದರ ಉಸಿರು ನಿಲ್ಲಿಸಬಲ್ಲವರು ವಿರಳ. ಅಂಥವರನ್ನು ಲೋಕ ಉಗ್ರಾಣಕ್ಕೆ ಅಟ್ಟುತ್ತದೆ. ಆದರೆ ದೂರದೂರಿನ ಹುಡುಗಿಯೊಬ್ಬಳಿಗೆ ತನ್ನ ಸೋಲಾದರೂ ಎಲ್ಲರಂತೆ ಅದೇ ದಿನ ತಿಳಿಯುವುದು ಅವರಿಂದಲೇ.