ಪಕ್ಕದ ಕೊಳದ ಹಸಿರು

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ ದೊಡ್ಡವಳು ಇನ್ನೊಮ್ಮೆ ಬಗ್ಗಿ ನೋಡಿದಳು. ಅನುಮಾನವೇ ಇಲ್ಲ. ಓರಗಿತ್ತಿಯ ಕೊಳದಿಂದ ತಂದ ಹನಿಯಲ್ಲಿ, ಪಾಚಿಯ ಹಸಿರು ಕಣಗಳ ನಡುವೆ ಸಣ್ಣ ಹುಳುಗಳು ಬಾಯಿಯಾಡಿಸುತ್ತ ಮೇಯುತ್ತಿದ್ದವು. ಈಗಲೇ ಮದ್ದು ಬಿಟ್ಟರೆ ಸಾಯುತ್ತವೆ. ತಡಮಾಡಿದರೆ ಕೊಳವನ್ನೇ ಬೋಳಿಸಿಬಿಡುತ್ತವೆ.

ಊರಿನ ಕೊಳಚೆ ನೀರಿನಲ್ಲಿ ಪಾಚಿ ಬೆಳೆಸಿ, ಗಾಡಿ ಓಡಿಸುವ ಎಣ್ಣೆ ತೆಗೆಯುವ ಈ ಕೆಲಸಕ್ಕೆ ಮೈದುನನ ಹೆಂಡತಿಯನ್ನು ಕರೆತಂದವಳು ಅವಳೇ. "ಮನೇಲಿ ಕೂತು ಏನ್ ಮಾಡ್ತೀಯ, ಬಾ" ಎಂದಿದ್ದಳು. ಆ ನಾತದ ಪಕ್ಕದಲ್ಲಿ ಮೂಗು ಮುಚ್ಚದೆ ನಿಲ್ಲುವುದನ್ನೂ ಕಲಿಸಿದ್ದಳು. ಈಗ ಚಿಕ್ಕವಳ ಕೊಳ ದಟ್ಟ ಹಸಿರು. ದೊಡ್ಡವಳದ್ದು ಜ್ವರ ಬಿಟ್ಟೆದ್ದವರ ಮುಖದ ಹಾಗೆ ಪೇಲವ. ನೋಡಲು ಬಂದವರನ್ನೆಲ್ಲ ಘಟಕದ ಸಾಹೇಬರು ನೇರವಾಗಿ ಆ ಕಡೆಗೇ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಅತ್ತೆಯದೂ ಅದೇ ರಾಗ: "ಚಿಕ್ಕವಳ ಕೈಗುಣ ನೋಡು! ನಿನ್ನ ಕೊಳಕ್ಕೆ ನಿನ್ನ ಮುಖ ನೋಡಿ ನೋಡೇ ಬೇಜಾರಾಗಿರ್ಬೇಕು." ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು.

"ಅಕ್ಕಾ, ಹೇಗಿದೆ ನನ್ನ ಕೊಳ?" ಚಿಕ್ಕವಳು ಬಾಗಿಲಲ್ಲಿ ನಿಂತಿದ್ದಳು.

"ಅದಕ್ಕೇನು ಧಾಡಿ? ಚೆನ್ನಾಗಿದೆ." ದೊಡ್ಡವಳು ಹನಿಯಿದ್ದ ಗಾಜಿನ ಪಟ್ಟಿಯನ್ನು ನಲ್ಲಿಯ ಕೆಳಗೆ ಹಿಡಿದಳು.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಚಿಕ್ಕವಳು ಅವಳ ಸೊಂಟ ಹಿಡಿದು ಒಂದೇ ಸಮನೆ ಮಾತಾಡಿದಳು. ಹೇಳಿಬಿಡೋಣ ಎಂದು ದೊಡ್ಡವಳು ಬಾಯಿ ತೆರೆದಳು. ಅಷ್ಟರಲ್ಲಿ ಕಿವಿಯ ಹತ್ತಿರವೇ, "ಸಾಹೇಬ್ರು ಹೊಸ ಕೊಳಾನೂ ನಂಗೇ ಕೊಡ್ತಾರಂತೆ ಅಕ್ಕಾ!" ತೆರೆದ ಬಾಯಿ ಮುಚ್ಚಿಕೊಂಡಿತು.

ವಾರ ತುಂಬುವ ಮೊದಲೇ ಕೊಳ ಕಂದಿತು. ಒಂದು ಬೆಳಿಗ್ಗೆ ತಳದ ಸಿಮೆಂಟೂ ಕಾಣಿಸಿತು. ಚಿಕ್ಕವಳು ದಂಡೆಯ ಮೇಲೆ ಕುಸಿದು ಕೂತಳು.

"ಆವತ್ತು ನೀವು ನೋಡ್ದಾಗ ಹುಳು ಏನೂ ಇರ್ಲಿಲ್ಲ ಅಲ್ವಾ ಅಕ್ಕಾ?"

ದೊಡ್ಡವಳು ಕೊಳದ ಕಡೆ ತಿರುಗಿದಳು. "ಇರ್ಲಿಲ್ಲ."

"ಇದ್ದಿದ್ರೆ ನೀವು ಹೇಳ್ದೇ ಇರ್ತಿದ್ರಾ? ನಾನೇ ಎಲ್ಲೋ ಎಡವಿದೀನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಮದ್ದು ಬಿಟ್ಟು ಹುಳುಗಳು ಸತ್ತ ಮೇಲೆ ದೊಡ್ಡವಳು ಬಕೆಟ್ ತಂದು ತನ್ನ ಕೊಳದ ನೀರನ್ನು ಮೊಗೆದು ಸತ್ತ ಕೊಳಕ್ಕೆ ಸುರಿಯತೊಡಗಿದಳು. ಸಾಹೇಬರು ಬಂದು ನಿಂತು, "ನಿಮ್ಮಂಥ ಮನಸ್ಸು ಎಲ್ರಿಗೂ ಬರಲ್ಲಮ್ಮ" ಎಂದರು. ಅವಳು ತಲೆಯೆತ್ತಲಿಲ್ಲ.

"ಸಾಕು ಅಕ್ಕಾ, ನಿಮ್ಮದು ಬರಿದಾಗತ್ತೆ." ಚಿಕ್ಕವಳು ಅವಳ ಕೈ ಹಿಡಿದಳು.

"ಕೈ ಬಿಡು." ಅವಳು ಮತ್ತೆ ಬಗ್ಗಿದಳು.

ನೀರು ಕಲಕುವ ಚಕ್ರ ತಿರುಗುತ್ತಲೇ ಇತ್ತು. ತಿಳಿಯಾದ ನೀರಿನಲ್ಲಿ ತೆಳು ಹಸಿರಿನ ಎಳೆಯೊಂದು ಗೋಡೆಯ ಗುಂಟ ಮೆಲ್ಲಗೆ ಸುತ್ತು ಹಾಕತೊಡಗಿತು.