ಬಸ್ಸು ನಿಲ್ಲದ ಸ್ಟಾಪು

ಶಾಲೆಯ ಲೈಬ್ರರಿಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ನಾಲ್ಕು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಹಿಡಿದು ಕೂತ ಡ್ರೈವರ್. ಹುಬ್ಬಿನ ಮೇಲೆ ಏಳು ಹೊಲಿಗೆಯ ಗಾಯ ಇನ್ನೂ ಕೆಂಪಗಿತ್ತು. ಎದುರಿಗೆ, ಅಜ್ಜಿಯ ಪಕ್ಕದಲ್ಲಿ, ಕಲ್ಲು ಎಸೆದವಳು. ಹದಿನಾಲ್ಕು ವರ್ಷ, ಕಡ್ಡಿಯಂಥ ಕೈಕಾಲು. ಗೆಳತಿಯರ ಬಾಯಲ್ಲಿ ಅವಳ ಹೆಸರು ಪಟಾಕಿ. ಬಸ್ಸಿನ ಮುಂದಿನ ಗಾಜನ್ನು ಪುಡಿ ಮಾಡಿದ್ದು ಈ ಕೈಯೇ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ.

ಪೊಲೀಸರಿಗೆ ಕೊಡುವ ದೂರು ಜೇಬಿನಲ್ಲಿತ್ತು, ಸಹಿಯೊಂದೇ ಬಾಕಿ. "ಒಂದ್ಸಲ ಎದುರು ಬದುರು ಕೂತು ಮಾತಾಡಿ ಸರ್, ಆಮೇಲೆ ನಿಮ್ಮಿಷ್ಟ" ಎಂದು ಟೀಚರ್ ಮೂರು ಸಲ ಡಿಪೋಗೆ ಅಲೆದಿದ್ದರು. ಅದಕ್ಕೇ ಬಂದಿದ್ದ, ಅಷ್ಟೇ.

"ಮೊದ್ಲು ಒಂದು ನಿಮಿಷ ಸುಮ್ನೆ ಕೂರೋಣ. ಉಸಿರು ಬರೋದು ಹೋಗೋದು, ಅಷ್ಟನ್ನೇ ಗಮನಿಸೋಣ" ಎಂದರು ಟೀಚರ್.

"ಉಸಿರು ಎಳ್ಕೊಂಡ್ರೆ ನನ್ನ ಹಣೆ ಸರಿಹೋಗುತ್ತಾ ಮೇಡಂ?"

"ಇಲ್ಲ ಸರ್. ಕಿರುಚಾಡದೆ ಮಾತಾಡೋಕೆ ಆಗಬಹುದು. ನನಗೂ ಅದು ಬೇಕು."

ಅವನು ಕಣ್ಣು ಮುಚ್ಚಿದ್ದೇ ತಡ, ಗಾಜು ಮತ್ತೆ ಮುಖಕ್ಕೆ ಸಿಡಿಯಿತು. ಬೆಚ್ಚಿ ಕಣ್ಣು ಬಿಟ್ಟ. ಹುಡುಗಿ ಕಣ್ಣು ಮುಚ್ಚದೆ ಅವನನ್ನೇ ನೋಡುತ್ತಿದ್ದಳು.

"ಆವತ್ತಿನಿಂದ ನಿಮಗೆ ಏನೇನಾಗಿದೆ ಸರ್?" ಟೀಚರ್ ಕೇಳಿದರು.

ಇವಳನ್ನು ಶಾಲೆಯಿಂದ ಕಿತ್ತುಹಾಕಿ ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿಂದ ಬಂದದ್ದೇ ಬೇರೆ.

"ಕೈ ನಡುಗುತ್ತೆ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ. ಕಲ್ಲು ಬಿದ್ದ ಆ ಸ್ಟಾಪಿನ ತಿರುವು ಬಂದ್ರೆ ಸಾಕು, ಹಿಡಿತ ತಪ್ಪುತ್ತೆ. ಹಿಂದೆ ನಲವತ್ತು ಜನ ಕೂತಿರ್ತಾರೆ. ಹೆಂಡತಿಗೂ ಹೇಳಿಲ್ಲ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೊಮ್ಮಗಳನ್ನು ಮೊಣಕೈಯಿಂದ ತಿವಿದಳು.

"ನೀವು ನಿಲ್ಲಿಸ್ಲಿಲ್ಲ" ಎಂದಳು ಪಟಾಕಿ. "ಒಂದು ತಿಂಗಳಿಂದ ನಮ್ಮ ಸ್ಟಾಪಲ್ಲಿ ನಿಲ್ಲಿಸ್ತಾನೇ ಇರ್ಲಿಲ್ಲ. ಆವತ್ತು ಪರೀಕ್ಷೆ. ಬಸ್ ಹಿಂದೇನೇ ಓಡಿದೆ, ಬಾಗಿಲು ಬಡಿದೆ. ಕನ್ನಡೀಲಿ ನನ್ನ ನೋಡಿ ನಕ್ಕು ಹೋದ್ರಿ. ವಾಪಸ್ ಬರೋವರೆಗೂ ಕಲ್ಲು ಹಿಡ್ಕೊಂಡು ಕಾದೆ."

"ಸುಳ್ಳು! ನಾನು ನಗ್ಲಿಲ್ಲ!" ಅವನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಹುಡುಗಿಯೂ ಮುಷ್ಟಿ ಬಿಗಿದು ಎದ್ದು ನಿಂತಳು.

ಟೀಚರ್ ಕೂತಲ್ಲಿಂದ ಏಳಲಿಲ್ಲ. ಮೆಲ್ಲಗೆ ಕೇಳಿದರು: "ನಿಲ್ಲಿಸ್ಲಿಲ್ಲ ಅನ್ನೋದು?"

ಬಾಗಿಲು ಕೈಗೆಟುಕುವಷ್ಟು ಹತ್ತಿರವಿತ್ತು. ಹೋಗಿಬಿಡಬಹುದಿತ್ತು.

"ಕೂತ್ಕೊಳ್ಳಪ್ಪಾ" ಎಂದಳು ಅಜ್ಜಿ.

ಕುರ್ಚಿ ಎತ್ತಿ ಕೂತ. "ಅದು ನಿಜ. ಮಕ್ಕಳು ಬಾಗಿಲಿಗೆ ಜೋತು ಬೀಳ್ತಾರೆ, ಹತ್ತಿಸ್ಕೊಳ್ಳೋಕೆ ಐದು ನಿಮಿಷ ಹಿಡಿಯುತ್ತೆ. ಲೇಟಾದ್ರೆ ಡಿಪೋದಲ್ಲಿ ಉಗೀತಾರೆ. ಅದಕ್ಕೆ ಬಿಟ್ಟು ಹೋಗ್ತಿದ್ದೆ. ಆದ್ರೆ ನಗ್ಲಿಲ್ಲ ಮಗಾ."

ಹುಡುಗಿ ಮುಷ್ಟಿ ಬಿಟ್ಟು ಕೂತಳು. "ಗಾಜು ಒಡೀಬೇಕು ಅಂತಷ್ಟೇ ಇತ್ತು ಅಂಕಲ್. ಒಳಗೆ ನಿಮ್ಮ ಮುಖ ಇದೆ ಅಂತ ಯೋಚಿಸ್ಲೇ ಇಲ್ಲ. ರಕ್ತ ನೋಡಿ ಓಡಿಹೋದೆ. ತಪ್ಪಾಯ್ತು."

ಕ್ಷಮಿಸಿದೆ ಎಂದು ಅವನು ಅನ್ನಲಿಲ್ಲ. ಆದರೆ ದೂರಿಗೆ ಸಹಿ ಹಾಕುವುದಿಲ್ಲ, ಬಸ್ಸು ದಿನಾ ನಿಲ್ಲುತ್ತದೆ ಎಂದ. ಬಾಗಿಲಿಗೆ ಯಾರೂ ಜೋತು ಬೀಳದಂತೆ ಸಾಲು ನಿಲ್ಲಿಸುವುದು ತನ್ನ ಜವಾಬ್ದಾರಿ ಎಂದಳು ಹುಡುಗಿ. ತಪ್ಪಿಹೋದ ಪರೀಕ್ಷೆಯನ್ನು ಮತ್ತೆ ಬರೆಸುತ್ತೇನೆ ಎಂದರು ಟೀಚರ್.

ಸೋಮವಾರ ಬೆಳಿಗ್ಗೆ ತಿರುವು ಬಂತು. ಕೈ ನಡುಗಿತು. ಉಸಿರು ಒಳಗೆ, ಉಸಿರು ಹೊರಗೆ ಎಂದುಕೊಂಡು ಬ್ರೇಕ್ ಒತ್ತಿದ. ಸಾಲು ಅಂಕುಡೊಂಕಾಗಿತ್ತು, ಆದರೂ ಸಾಲೇ. ಎಲ್ಲರನ್ನೂ ಹತ್ತಿಸಿ, ಕೊನೆಗೆ ಹತ್ತಿದ ಪಟಾಕಿ ಅವನ ಬೆನ್ನ ಹಿಂದಿನ ಕಂಬಿ ಹಿಡಿದು ನಿಂತಳು.

"ಎಲ್ರೂ ಹತ್ತಿದ್ರು ಅಂಕಲ್."

ಕೈ ನಡುಕ ನಿಂತಿರಲಿಲ್ಲ. ಸ್ವಲ್ಪ ತಡಿ ಎಂಬಂತೆ ತಲೆಯಾಡಿಸಿದ. ಅವಳು ಕಾದಳು. ಯಾರೋ ಹಿಂದಿನಿಂದ "ಏನ್ ಡ್ರೈವರೇ, ನಿದ್ದೆನಾ?" ಎಂದು ಕೂಗಿದರು. ಅವನು ಗೇರ್ ಹಾಕಿದ.