ಗೇಣುದ್ದ ಮೇಲಿನಿಂದ

"ಚರ್ಮದ್ದು ಏನೂ ಒಳಗ ಬರಬಾರದು," ಎಂದರು ರಾಧಾಬಾಯಿ, ಒಲೆಯಿಂದ ಮುಖ ಎತ್ತದೆ.

ಶಿವಬಸವ್ವ ಕ್ಯಾಮೆರಾದ ಸ್ಟ್ಯಾಂಡನ್ನು ಹಿಂದಕ್ಕೆ ಸರಿಸಿ ಪಡಸಾಲೆಯಲ್ಲೇ ಊರಿದಳು. ಕ್ಯಾಮೆರಾ ಹಿಗ್ಗಿ ಕುಗ್ಗುವುದು ಚರ್ಮದ ತಿದಿಯಿಂದಲೇ. ಅದನ್ನು ಕಳಚಿ ಫೋಟೋ ತೆಗೆಯುವಂತಿರಲಿಲ್ಲ. ಅವಳ ಗಂಡ ಈರಬಸಪ್ಪ ಸದಾಶಿವ ಪೇಠೆಯಲ್ಲಿ ಸ್ಟುಡಿಯೋ ಇಟ್ಟಿದ್ದ. ಗಂಡಸರು ಕಾಲಿಡಲಾಗದ ಒಳಮನೆಗಳಿಗೆ ಅವಳೇ ಹೋಗುತ್ತಿದ್ದಳು.

ಇಂದು ಕರೆಸಿದವಳು ರಾಧಾಬಾಯಿಯ ಮಗಳು ಭಾಮಾ. ಗಂಡನಿಗೆ ನೈರೋಬಿಯ ರೈಲ್ವೆಯಲ್ಲಿ ನೌಕರಿ. ಸೋಮವಾರ ಅವಳಿಗೆ ಮುಂಬಯಿಯಿಂದ ಹಡಗು. ಮತ್ತೆ ಬರುವುದು ಯಾವಾಗಲೋ. ತಾಯಿಯ ಒಂದು ಫೋಟೋ ಆದರೂ ಜೊತೆಗಿರಲಿ ಎಂದು ಹಟ ಹಿಡಿದಿದ್ದಳು. ಗೊಂಬೆಯ ಹಾಗೆ ಕುರ್ಚಿಯ ಮೇಲೆ ಕೂರುವುದಿಲ್ಲ, ಬೇಕಾದರೆ ಅಡುಗೆ ಮಾಡುವಾಗ ಹೊರಗಿನಿಂದ ತೆಗೆದುಕೊಳ್ಳಲಿ ಎಂದು ತಾಯಿ ಕೊನೆಗೆ ಒಪ್ಪಿದ್ದರು.

"ಮುಖಾ ಸ್ವಚ್ಛ ಬರಬೇಕ್ರಿ," ಎಂದು ಭಾಮಾ ಪಿಸುಗುಟ್ಟಿದಳು. "ಎದುರಿಗೇ ಕೂತ್ಹಂಗ ಅನಸಬೇಕು."

ಅದಕ್ಕೆಂದೇ ಶಿವಬಸವ್ವ ದೂರದ್ದನ್ನು ಹತ್ತಿರ ತರುವ ಉದ್ದನೆಯ ಲೆನ್ಸ್ ಹಾಕಿಕೊಂಡು ಬಂದಿದ್ದಳು. ಮುಖ ತೆಗೆಯಲು ಈರಬಸಪ್ಪ ಬೇರೆಯದನ್ನು ಮುಟ್ಟುತ್ತಲೇ ಇರಲಿಲ್ಲ. ಗಿಡ್ಡ ಲೆನ್ಸು ಮದುವೆಯ ಗುಂಪಿಗೆ, ಅದರಲ್ಲಿ ತುಂಬ ಜನ ಹಿಡಿಸುತ್ತಾರೆ, ಮುಖ ಉಳಿಯುವುದಿಲ್ಲ ಎನ್ನುತ್ತಿದ್ದ.

ಕ್ಯಾಮೆರಾದ ಹಿಂದಿನ ಕರಿಬಟ್ಟೆಯೊಳಗೆ ತಲೆ ಹಾಕಿದಳು. ಮಸಕು ಗಾಜಿನ ತುಂಬ ರಾಧಾಬಾಯಿಯ ಮುಖ ತಲೆಕೆಳಗಾಗಿ ಮೂಡಿತು. ಒಂದೊಂದು ಸುಕ್ಕೂ ಕಾಣುತ್ತಿತ್ತು. ಆದರೆ ತುಟಿ ಬಿಗಿದಿತ್ತು, ರೆಪ್ಪೆ ಇಳಿದಿತ್ತು. ಮಗಳು ಕರೆದರೂ ಅವರು ನೋಡಲಿಲ್ಲ. ಇದನ್ನು ಪರದೇಶದಲ್ಲಿ ಗೋಡೆಗೆ ಹಾಕಿಕೊಂಡರೆ ಹುಡುಗಿ ದಿನಾ ಬೈಸಿಕೊಂಡ ಹಾಗೇ ಎನಿಸಿತು ಶಿವಬಸವ್ವನಿಗೆ.

ತಲೆ ಹೊರತೆಗೆದಾಗ ಭಾಮಾ ಅಡುಗೆಮನೆಯ ಹೊಸ್ತಿಲ ಈಚೆ ಕುಕ್ಕರಗಾಲಲ್ಲಿ ಕೂತಿದ್ದಳು. ನೈವೇದ್ಯ ಆಗಿತ್ತು, ಉಳಿದ ಹೋಳಿಗೆ ಬೇಯುತ್ತಿದ್ದವು. ಅವಳು ಏನೂ ಕೇಳದೆ ಅಂಗೈ ಚಾಚಿದಳು. ರಾಧಾಬಾಯಿ ಎದ್ದು ಬಂದರು. ಮನೆಯವರ ಊಟ ಮುಗಿಯುವವರೆಗೆ ಮಡಿ ಬಿಡುವಂತಿರಲಿಲ್ಲ. ಕೈಗೆ ಕೈ ತಾಗದಂತೆ ಗೇಣುದ್ದ ಮೇಲಿನಿಂದ ಹೂರಣದ ಉಂಡೆಯೊಂದನ್ನು ಮಗಳ ಕೈಗೆ ಬೀಳಿಸಿದರು.

"ಬಿಸಿ ಅದ. ಬಾಯಿ ಸುಟ್ಕೋಬ್ಯಾಡ."

ಶಿವಬಸವ್ವ ಉದ್ದನೆಯ ಲೆನ್ಸನ್ನು ತಿರುಗಿಸಿ ಬಿಚ್ಚಿದಳು.

"ಅದನ್ನ ಯಾಕ್ರಿ ತೆಗೀತೀರಿ?" ಭಾಮಾ ಗಾಬರಿಯಾದಳು. "ಮುಖಾ ಸಣ್ಣದಾಗ್ತದ."

"ಆಗ್ತದರಿ. ಆದ್ರ ಇದರಾಗ ನೀವಿಬ್ರೂ ಇರ್ತೀರಿ."

ಗಿಡ್ಡ ಲೆನ್ಸ್ ಹಾಕಿ, ಹೊಂದಿಸಿಕೊಂಡು, ಇನ್ನೊಮ್ಮೆ ಹಾಗೆಯೇ ಕೊಡಬೇಕು ಎಂದು ರಾಧಾಬಾಯಿಯನ್ನು ಕೇಳಿಕೊಂಡಳು. ಒಳಗೆ ಬೆಳಕು ಕಡಿಮೆ. ಲೆನ್ಸಿನ ಮುಚ್ಚಳ ತೆಗೆದು ತಾನು ಎಣಿಸಿ ಮುಗಿಸುವ ತನಕ ಇಬ್ಬರ ಕೈಯೂ ಅಲುಗಬಾರದು.

"ಫೋಟೋದಾಗಿನ ಹೂರಣಕ್ಕ ಹೊಟ್ಟಿ ತುಂಬ್ತದೇನು?" ಎಂದು ಗೊಣಗುತ್ತಲೇ ರಾಧಾಬಾಯಿ ಇನ್ನೊಂದು ಉಂಡೆ ಹಿಡಿದು ಬಾಗಿದರು.

ಶಿವಬಸವ್ವ ಮುಚ್ಚಳ ತೆಗೆದು ಎಣಿಸತೊಡಗಿದಳು. ಎಣಿಕೆ ಮುಗಿಯುವ ಮುನ್ನವೇ ಮೇಲಿನ ಕೈ ಅಲುಗಿತು. ಮೆಲ್ಲಗೆ ಇಳಿದು, ಉಂಡೆಯ ಸಮೇತ ಮಗಳ ಅಂಗೈಯಲ್ಲಿ ಕೂತಿತು. ಚಿತ್ರ ಕೆಟ್ಟಿತೆಂದು ಗೊತ್ತಿದ್ದೂ ಶಿವಬಸವ್ವ ಮುಚ್ಚಳ ಹಾಕಲು ತಡಮಾಡಿದಳು.

"ಅವ್ವಾ, ಮಡಿ," ಎಂದಳು ಭಾಮಾ.

"ಗೊತ್ತದ," ಎಂದು ರಾಧಾಬಾಯಿ ಹಿತ್ತಲಿಗೆ ನಡೆದರು.

ಶಿವಬಸವ್ವ ಸ್ಟ್ಯಾಂಡನ್ನು ಮಡಚುವಾಗ ಹಿತ್ತಲಲ್ಲಿ ಬಾವಿಯ ರಾಟೆ ಕಿರುಗುಟ್ಟಿತು. ಆಮೇಲೆ ತಂಬಿಗೆ ತಂಬಿಗೆಯಾಗಿ ನೀರು ಮೈಮೇಲಿಂದ ಕಲ್ಲಿಗೆ ಸುರಿಯುವ ಸದ್ದು. ಭಾಮಾ ಮುಚ್ಚಿದ ಅಂಗೈ ತೆರೆಯದೆ ಹೊಸ್ತಿಲ ಬಳಿಯೇ ಕೂತಿದ್ದಳು.